ಪ್ಲೇಟು ಸಿಕ್ಕಿತು, ಹಾಡಿದಾಕಿ ಎಲ್ಲಿ?

ಹಳೇ ಪ್ಲೇಟು ಸಿಕ್ಕವಂತ! ಎಪ್ಪತ್ತೆಂಟು ಸುತ್ತಿನ ಅರಗಿನ ತಟ್ಟೆಗಳು. ಮುಂಬಯಿಯ ಚೋರ್ ಬಜಾರಿನಲ್ಲಿ, ಹಾಳುಬಿದ್ದ ವಾಡೆಯ ಅಟ್ಟದ ಮೇಲೆ, ಗುಜರಿಯವನ ತಕ್ಕಡಿಯಲ್ಲಿ ಸಿಕ್ಕವಂತ. ಸಿಕ್ಕವರು ಧೂಳು ಒರೆಸುತ್ತಾರೆ, ಗಾಜಿನ ಕಪಾಟಿನಲ್ಲಿ ಇಡುತ್ತಾರೆ, ನಾಲ್ಕು ಮಂದಿ ರಸಿಕರನ್ನು ಕರೆದು ಚಹಾ ಕುಡಿಸಿ ಕೇಳಿಸುತ್ತಾರೆ. ರಸಿಕರು ಕಣ್ಣು ಮುಚ್ಚಿ ತಲೆದೂಗುತ್ತಾರೆ. ಅಪರೂಪ, ಬಹಳ ಅಪರೂಪ ಅಂತಾರ.

ಅಪರೂಪ ಆದದ್ದು ಹ್ಯಾಂಗ್ರಿ?

ಈ ಪ್ರಶ್ನೆ ಕೇಳಿದರೆ ಚಹಾದ ಬಸಿ ಬಾಯಿಗೆ ಹೋಗದೆ ಅಲ್ಲೇ ನಿಲ್ಲುತ್ತದೆ. ಲಕ್ಷಗಟ್ಟಲೆ ಅಚ್ಚಾದ ತಟ್ಟೆಗಳು ಮಳೆಗೆ ಕರಗಿ ಹೋಗಲಿಲ್ಲ. ಹಾಡಿದಾಕಿಯನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಆಕೆಯ ತಟ್ಟೆಯನ್ನು ಮಾತ್ರ ಒಳಗೆ ಒಯ್ದವರು ಇದ್ದರು. ಮುಂದೆ ಅವರ ಮನೆತನಕ್ಕೆ ಹೊಸ ಮರ್ಯಾದೆ ಬಂತು, ಮಗಳಿಗೆ ಪಾಠ ಹೇಳಲು ಪೆಟ್ಟಿಗೆ ಮಾಸ್ತರ ಬಂದ, ತಟ್ಟೆ ಹೊರಗೆ ಬಿತ್ತು. ಈಗ ಅವರ ಮೊಮ್ಮಕ್ಕಳೇ ಅದನ್ನು ಹುಡುಕುತ್ತಿದ್ದಾರೆ. ಒಗೆದವರೂ ಅವರೇ, ಹೆಕ್ಕಿದವರೂ ಅವರೇ, ರಸಿಕರೂ ಅವರೇ!

ಇತಿಹಾಸ ತೆಗೆದು ನೋಡಿರಿ ಗೆಳೆಯರೇ. 1902ರ ಅಕ್ಟೋಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ಬಿಳಿಯ ಯಂತ್ರ ಹೊತ್ತು ಕಲಕತ್ತೆಗೆ ಬಂದ. ಅವನ ಕಹಳೆಯ ಮುಂದೆ ಈ ದೇಶದಲ್ಲಿ ಮೊದಲು ನಿಂತವರು ಪಂಡಿತರಲ್ಲ. ಶಶಿಮುಖಿ, ಫಣಿಬಾಲಾ ಎಂಬ ಇಬ್ಬರು ನಾಟಕದ ಹುಡುಗಿಯರು. ಅವರ ಬೆನ್ನಿಗೇ ಬಂದವಳು ಗೌಹರ್ ಜಾನ್. ಆ ಕಾಲದಲ್ಲಿ ಕುಲವಂತರ ಹೆಣ್ಣುಮಕ್ಕಳು ನಾಲ್ಕು ಜನರ ಮುಂದೆ ಹಾಡುವ ಹಾಗಿರಲಿಲ್ಲ. ದೊಡ್ಡ ದೊಡ್ಡ ಉಸ್ತಾದರು ಯಂತ್ರಕ್ಕೆ ಹಾಡಿದರೆ ವಿದ್ಯೆ ಬೀದಿಪಾಲಾಗುತ್ತದೆ ಎಂದು ಹಿಂದೆ ಸರಿದರು. ಉಳಿದವರು ತವಾಯಫರು, ಕಲಾವಂತರು, ದೇವದಾಸಿಯರು, ನಾಟಕದವರು. ಕಳೆದುಕೊಳ್ಳಲು ಮರ್ಯಾದೆ ಎಂಬುದನ್ನು ಸಮಾಜ ಅವರಿಗೆ ಕೊಟ್ಟೇ ಇರಲಿಲ್ಲವಲ್ಲ, ಅದಕ್ಕೇ ಧೈರ್ಯ ಅವರಿಗಿತ್ತು. ಒಂದು ರಾಗವನ್ನು ಮೂರು ನಿಮಿಷದಲ್ಲಿ ಕಟ್ಟಿ ಮುಗಿಸುವ ಹೊಸ ಕಲೆಯನ್ನು ಈ ದೇಶಕ್ಕೆ ಕಲಿಸಿದವರು ಈ ಹೆಣ್ಣುಮಕ್ಕಳು.

ಗೌಹರ್ ಜಾನ್ ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳುತ್ತಿದ್ದಳು. ಯಾಕೆ? ಇಲ್ಲಿ ಮುದ್ರಿಸಿದ್ದು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಯಾಗಬೇಕಿತ್ತು. ಯಾರ ಹಾಡೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲಿ ಎಂದು ಕಂಪನಿ ಮಾಡಿಕೊಂಡ ಏರ್ಪಾಡು ಅದು. ಬರೀ ಲೆಕ್ಕದ ಮಾತು. ಆದರೆ ಇವತ್ತು ಕೇಳಿದರೆ ಮೈ ಝುಂ ಅನ್ನುತ್ತದೆ. ಅಪ್ಪನ ಹೆಸರಿಲ್ಲ, ಗಂಡನ ಹೆಸರಿಲ್ಲ, ಕುಲಗೋತ್ರವಿಲ್ಲ. ನಾನು ಇಂಥಾಕಿ, ಹಾಡಿದಾಕಿ ನಾನು. ಅಷ್ಟೇ! ಆ ಗೌಹರ್ ಜಾನ್ 1928ರಲ್ಲಿ ನಮ್ಮ ಮೈಸೂರಿಗೆ ಅರಮನೆಯ ಸಂಬಳಕ್ಕೆ ಬಂದಳು, 1930ರ ಜನವರಿ 17ರಂದು ಅಲ್ಲಿಯೇ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮೈಸೂರಿನ ದಸರಾ ಕಛೇರಿಗಳಲ್ಲಿ ತಲೆದೂಗುವ ಎಷ್ಟು ಮಂದಿಗೆ ಇದು ಗೊತ್ತು?

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ತಟ್ಟೆಯ ಮೈ ಯಾವುದರಿಂದ ಆದದ್ದು? ಅರಗಿನಿಂದ. ಅರಗು ಎಲ್ಲಿಂದ ಬಂತು? ಛೋಟಾ ನಾಗಪುರದ ಕಾಡಿನಲ್ಲಿ ಮುತ್ತುಗದ ಗಿಡದ ಟೊಂಗೆಯಿಂದ ಹುಳದ ಅರಗು ಕೆರೆದು ತಂದ ಆದಿವಾಸಿಗಳ ಕೈಯಿಂದ. 1908ರಲ್ಲಿ ಕಂಪನಿ ಕಲಕತ್ತೆಯಲ್ಲೇ ಕಾರ್ಖಾನೆ ಹಾಕಿತು. ಆದಿವಾಸಿಯ ಅರಗು, ದೇವದಾಸಿಯ ಕಂಠ, ಕಂಪನಿಯ ಲಾಭ, ಸಾಹುಕಾರನ ಪಡಸಾಲೆ. ಒಂದು ತಟ್ಟೆಯ ಮೇಲೆ ಇಡೀ ಸಮಾಜ ಗಿರಗಿರ ತಿರುಗುತ್ತದೆ ನೋಡಿರಿ.

ನಮ್ಮ ಜಿಲ್ಲೆಗೇ ಬರೋಣ. ಗೋಲಗುಮ್ಮಟ ನೋಡಲು ಬಸ್ಸುಗಟ್ಟಲೆ ಮಂದಿ ಬರುತ್ತಾರೆ. ಒಂದು ಸಲ ಕೂಗಿದರೆ ಏಳು ಸಲ ದನಿ ಮರಳುತ್ತದೆ ಎಂದು ಗೈಡು ಚಪ್ಪಾಳೆ ತಟ್ಟಿ ತೋರಿಸುತ್ತಾನೆ. ಸತ್ತ ಸುಲ್ತಾನನ ಗೋರಿಯ ಮೇಲೆ ಪ್ರವಾಸಿಗರ ಕೂಗು ಏಳು ಸಲ ಮರಳುತ್ತದೆ. ಅದೇ ಊರಿನ ಮಣ್ಣಿನಲ್ಲಿ ಮಲಗಿರುವ ಅಮೀರಬಾಯಿ ಕರ್ನಾಟಕಿಯ ದನಿ ಒಂದು ಸಲವೂ ಮರಳುವುದಿಲ್ಲ.

ಅಮೀರಬಾಯಿ ಹುಟ್ಟಿದ್ದು ಬೀಳಗಿಯಲ್ಲಿ. ಇವತ್ತು ಅದು ಬಾಗಲಕೋಟೆ ಜಿಲ್ಲೆ, 1997ರ ತನಕ ನಮ್ಮ ವಿಜಾಪುರ ಜಿಲ್ಲೆಯದೇ. (ನಾನು ಇವರಿಗೆಲ್ಲ ಏಕವಚನ ಹಚ್ಚಿ ಬರೆಯುತ್ತಿದ್ದೇನೆ, ಸಿಟ್ಟಾಗಬ್ಯಾಡ್ರಿ. ನಮ್ಮ ಕೇರಿಯಲ್ಲಿ ಅವ್ವಗ ಬಹುವಚನ ಇಲ್ಲ.) ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಹೋದ ಈ ಹುಡುಗಿ ಸಿನಿಮಾದಲ್ಲಿ ನಟಿಸಿದಳು, ಹಾಡಿದಳು, ಕನ್ನಡ ಕೋಗಿಲೆ ಅನ್ನಿಸಿಕೊಂಡಳು. 1943ರ 'ಕಿಸ್ಮತ್' ಚಿತ್ರದಲ್ಲಿ ಆಕೆಯ ಕಂಠವಿದೆ. ಆ ಚಿತ್ರ ಕಲಕತ್ತೆಯ ಒಂದೇ ಟಾಕೀಜಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. 1948ರಲ್ಲಿ 'ಶಹನಾಜ್' ಎಂಬ ಚಿತ್ರಕ್ಕೆ ಸಂಗೀತ ನಿರ್ದೇಶನವನ್ನೂ ಮಾಡಿದಳು. ಹೆಣ್ಣೊಬ್ಬಳು ಗಂಡಸರ ವಾದ್ಯಮೇಳದ ಮುಂದೆ ನಿಂತು ಹೀಗೆ ನುಡಿಸಿರಿ ಎಂದು ಹೇಳುವುದು ಇವತ್ತಿಗೂ ಅಪರೂಪ; ಇದು ನಿಜವಾದ ಅಪರೂಪ. 1965ರ ಮಾರ್ಚ್ 3ರಂದು ತೀರಿಕೊಂಡಳು. ವಿಜಾಪುರಕ್ಕೆ ತಂದು ಮಣ್ಣು ಮಾಡಿದರು. ಆಕೆಯ ಮನೆತನದ ಅಮೀರ ಟಾಕೀಜಿನ ಹೆಸರು ಊರ ಬಾಯಲ್ಲಿ ಉಳಿಯಿತು, ಆ ಅಮೀರ ಯಾರೆಂಬುದು ಉಳಿಯಲಿಲ್ಲ. ರಹಮತ್ ತರೀಕೆರೆ ಆಕೆಯ ಜಾಡು ಹಿಡಿದು ಜೀವನಚರಿತ್ರೆ ಬರೆಯದೇ ಇದ್ದರೆ ನನ್ನಂಥ ಹುಡುಗನಿಗೂ ಅದು ಬರೀ ಟಾಕೀಜಿನ ಹೆಸರೇ ಆಗಿರುತ್ತಿತ್ತು.

ಆಕೆಯ ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಗೆ ಹೋಗಿ ಬಾಲಗಂಧರ್ವರ ಕಂಪನಿ ಸೇರಿದಳು, ಅವರ ಸಂಗಾತಿಯಾದಳು. ಬಾಲಗಂಧರ್ವರ ಕಷ್ಟಗಳಿಗೆಲ್ಲ ಈಕೆಯೇ ಕಾರಣ ಎಂದು ಮರಾಠಿಯ ಮರ್ಯಾದಸ್ಥರು ವರ್ಷಗಟ್ಟಲೆ ಬೈದರು. ಗಂಡಸು ಸೀರೆ ಉಟ್ಟು ಹಾಡಿದರೆ ಗಂಧರ್ವ. ಹೆಣ್ಣು ಹೆಣ್ಣಾಗಿಯೇ ನಿಂತು ಹಾಡಿದರೆ ಮನಿ ಮುರಿದಾಕಿ!

ಹಾಡುವ ಹೆಣ್ಣಿಗೆ ಕೊಟ್ಟ ಈ ಬೈಗುಳವನ್ನು ಆಮೇಲೆ ಸರಕಾರವೇ ಕಾನೂನಿನ ಭಾಷೆಗೆ ಅನುವಾದ ಮಾಡಿತು. 1940ರ ದಶಕದ ಕೊನೆಗೆ, ಪ್ರಸಾರ ಖಾತೆ ಸರ್ದಾರ ಪಟೇಲರ ಕೈಯಲ್ಲಿದ್ದಾಗ, ಖಾಸಗಿ ಬದುಕು ಹಗರಣವಾದ ಗಾಯಕರಿಗೆ ಆಕಾಶವಾಣಿಯ ಬಾಗಿಲು ಮುಚ್ಚಬೇಕೆಂಬ ನಿಯಮ ಬಂತು. ಯಾರ ಖಾಸಗಿ ಬದುಕು? ಅವರ ಮನೆಗೆ ಹೋಗಿಬಂದ ಜಮೀನುದಾರನದೇ? ವಕೀಲನದೇ? ಅಲ್ಲ, ಹಾಡಿದಾಕಿಯದು ಮಾತ್ರ. ರೇಡಿಯೋ ಎಂಬುದು ಹುಟ್ಟಿದಂದಿನಿಂದ ಅದನ್ನು ಹಾಡಿ ಸಾಕಿದವರು ಇವರೇ. ಸ್ವಾತಂತ್ರ್ಯ ಬಂತು, ಸಾಕಿದವರನ್ನು ಹೊರಗೆ ಹಾಕಿದರು.

ಉಳಿದವರು ಹ್ಯಾಂಗ ಉಳಿದರು? ಗಂಗೂಬಾಯಿ ಹಾನಗಲ್ಲರನ್ನು ನೆನೆಯಿರಿ. ಗಂಗಾಮತಸ್ಥ ಕುಲದ ಅಂಬಾಬಾಯಿಯ ಮಗಳು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಲು ಹೋದ ಹನ್ನೊಂದು ವರ್ಷದ ಆ ಹುಡುಗಿಗೆ ರಾಗ ತಪ್ಪೀತೆಂಬ ಅಂಜಿಕೆ ಇರಲಿಲ್ಲ. ಉಂಡ ಮೇಲೆ ಎಂಜಲು ತೆಗೆ ಅಂದಾರೋ ಏನೋ ಎಂಬ ಅಂಜಿಕೆ. ಗಾಂಧಿ ಕೂತ ಸಭೆಯಲ್ಲಿ! 1930ರ ದಶಕದ ಆಕೆಯ ಮೊದಲ ತಟ್ಟೆಗಳ ಮೇಲೆ ಗಂಗೂಬಾಯಿ ಎಂಬ ಹೆಸರೇ ಇಲ್ಲ, 'ಗಾಂಧಾರಿ' ಎಂದು ಅಚ್ಚಾಗಿದೆ. ಆ ತಟ್ಟೆಗಳಲ್ಲಿ ಇರುವುದು ಸಣ್ಣ ಎಳೆಯ ಹೆಣ್ಣುದನಿ. ನಾವು ಬಲ್ಲ ಆ ಗಡಸು ದನಿ ಗಂಟಲ ಶಸ್ತ್ರಚಿಕಿತ್ಸೆಯಾದ ಮೇಲೆ ಬಂದದ್ದು. ಹಳೆಯ ತಟ್ಟೆ ಹುಡುಕಿದರೆ ಸಿಗುವುದು ಹೀಗೆ ಇನ್ನೊಂದು ದನಿ, ಇನ್ನೊಂದು ಹೆಸರು. ಆದ್ದರಿಂದ ಹುಡುಕುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ಹುಡುಕುವವರ ಕಣ್ಣು ಎಲ್ಲಿ ನಿಂತಿದೆ ಎಂಬುದು ನನ್ನ ಜಗಳ.

ಅಮೆರಿಕದ ಕಪ್ಪು ಜನರ ಕಥೆಯೂ ಇದೇ. 1946ರಲ್ಲಿ ಬಾಬಾಸಾಹೇಬರು ಡುಬೊಯ್ಸ್ ಅವರಿಗೆ ಕಾಗದ ಬರೆದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಕಪ್ಪು ಚಿರತೆಗಳ ಹೆಸರು ತಗೊಂಡು ದಲಿತ ಪ್ಯಾಂಥರ್ ಕಟ್ಟಿದರು. ಅವರ ಗಂಡಸರ ಹೆಸರು ನಮಗೆ ಬಾಯಿಪಾಠ. ಅವರ ಹಾಡುವ ಹೆಂಗಸರು? 1920ರಲ್ಲಿ ಮೇಮಿ ಸ್ಮಿತ್ ಎಂಬ ಕಪ್ಪು ಹೆಣ್ಣುಮಗಳು ಬ್ಲೂಸ್ ಹಾಡಿ ತಟ್ಟೆ ಹೊರಬಂದಾಗ ಅದು ಹಳ್ಳಿಹಳ್ಳಿಯಲ್ಲಿ ಮಾರಾಟವಾಯಿತು. ಕಂಪನಿಗಳು ಕೂಡಲೇ ಕಪ್ಪು ಜನರ ತಟ್ಟೆಗಳಿಗೆ ಬೇರೆ ಪಟ್ಟಿ ಮಾಡಿದವು. ನಮ್ಮ ಕಡೆಯ ಹೋಟೆಲಿನಲ್ಲಿ ನಮಗೆಂದು ಬೇರೆ ಕಪ್ಪು-ಬಸಿ ಇಟ್ಟ ಹಾಗೆ. ಬೆಸ್ಸಿ ಸ್ಮಿತ್ 1923ರಿಂದ ಕೊಲಂಬಿಯಾ ಕಂಪನಿಗೆ ಹಾಡಿದಳು. ಹಾಡಿಗೆ ಇಷ್ಟು ಎಂದು ಕೂಲಿ, ಮಾರಾಟದಲ್ಲಿ ಪಾಲು ಇಲ್ಲ. 1937ರಲ್ಲಿ ಸತ್ತಳು. ಆಕೆಯ ಗೋರಿಗೆ ಒಂದು ಹೆಸರುಗಲ್ಲು ನಿಂತದ್ದು 1970ರಲ್ಲಿ. ಅದೇ ವರ್ಷ ಕಂಪನಿ ಆಕೆಯ ಹಳೆಯ ಹಾಡುಗಳನ್ನೆಲ್ಲ ಮತ್ತೆ ಅಚ್ಚು ಹಾಕಿ ಮಾರಲು ಶುರುಮಾಡಿತ್ತು. ಕಲ್ಲಿಗೆ ರೊಕ್ಕ ಕೊಟ್ಟವರು ಮಾತ್ರ ಬೇರೆಯವರು: ಆಕೆಯ ಹಾಡು ಕೇಳಿ ಬೆಳೆದ ಜಾನಿಸ್ ಜಾಪ್ಲಿನ್ ಎಂಬ ಬಿಳಿಯ ಗಾಯಕಿ, ಚಿಕ್ಕಂದಿನಲ್ಲಿ ಬೆಸ್ಸಿಯ ಮನೆಯಲ್ಲಿ ಕೆಲಸ ಮಾಡಿದ್ದ ವನೀಟಾ ಗ್ರೀನ್ ಎಂಬ ಕಪ್ಪು ಹೆಣ್ಣುಮಗಳು.

ಮುಂದೆ ಚರ್ಚಿನ ಹಾಡನ್ನೂ ಬೀದಿಯ ಹಾಡನ್ನೂ ಬೆಸೆದು ಆ ಜನ ಸೋಲ್ ಎಂಬ ಹಾಡು ಕಟ್ಟಿದರು. ಸೋಲ್ ಎಂದರೆ ಆತ್ಮ. ಬೆಟ್ಟಿ ಲವೆಟ್ ಎಂಬ ಸೋಲ್ ಗಾಯಕಿ 1972ರಲ್ಲಿ ಇಡೀ ಒಂದು ಸಂಪುಟ ಹಾಡಿಕೊಟ್ಟಳು. ಕಂಪನಿ ಕಪಾಟಿನಲ್ಲಿ ಇಟ್ಟು ಕೀಲಿ ಹಾಕಿತು. ಫ್ರಾನ್ಸಿನ ಒಬ್ಬ ಸಂಗ್ರಹಕಾರ ಅದನ್ನು ಹುಡುಕಿ ತೆಗೆದು ಹೊರತಂದದ್ದು 2000ದಲ್ಲಿ. ಇಪ್ಪತ್ತೆಂಟು ವರ್ಷ! ಆಕೆ ಇನ್ನೂ ಬದುಕಿದ್ದಳು, ಹಾಡುತ್ತಿದ್ದಳು. ಕಳೆದುಹೋಗಿದ್ದು ಆಕೆಯಲ್ಲ. ಆಕೆ ಹಾಡುತ್ತಲೇ ಇದ್ದಳು, ಕೇಳುವವರು ಕಳೆದುಹೋಗಿದ್ದರು.

ಇನ್ನು ನಮ್ಮ ಕೇರಿಗೆ ಬರ್ರಿ. ತವಾಯಫರಿಗೆ, ಕಲಾವಂತರಿಗೆ ತಟ್ಟೆಯಾದರೂ ಸಿಕ್ಕಿತು. ಒಗೆದದ್ದನ್ನು ಹೆಕ್ಕಬಹುದು. ಮಾದಿಗರ, ಹೊಲೆಯರ ಹೆಣ್ಣುಮಕ್ಕಳಿಗೆ ಕಹಳೆಯ ಮುಂದೆ ನಿಲ್ಲುವ ಭಾಗ್ಯ ಎಲ್ಲಿತ್ತು? ಚೌಡಿಕಿ ಹಿಡಿದು ಎಲ್ಲಮ್ಮನ ಪದ ಹಾಡಿದ ಜೋಗತಿಯರು, ಬೀಸುವಾಗ ಕುಟ್ಟುವಾಗ ಹಾಡಿದವರು, ಸತ್ತವರ ಮನೆಯ ಮುಂದೆ ಹಾಡಿ ಅತ್ತವರು. ಬಹಳ ತಡವಾಗಿ ಅವರ ಮುಂದೆ ಟೇಪ್ ರೆಕಾರ್ಡರ್ ಬಂತು, ಜಾನಪದ ವಿದ್ವಾಂಸರ ಹೆಗಲ ಮೇಲೆ. ನಮ್ಮ ಕಳ್ಳಕವಟಗಿಗೂ ಬಂತು, ನಾನು ಹುಟ್ಟುವ ಮೊದಲು. ನಮ್ಮ ಆಯಿ ಮೂರು ರಾತ್ರಿ ಹಾಡಿದಳಂತೆ. ಸಾಹೇಬರು ಜಾತಿ ಕೇಳಿ ಬರೆದುಕೊಂಡರು, ವಯಸ್ಸು ಕೇಳಿ ಬರೆದುಕೊಂಡರು. ಬಿ.ಎ. ಓದುವಾಗ ಗ್ರಂಥಾಲಯದಲ್ಲಿ ಆ ಪುಸ್ತಕ ನನ್ನ ಕೈಗೆ ಬಂತು. ಹೊದಿಕೆಯ ಮೇಲೆ ಸಂಗ್ರಹಕಾರರ ಹೆಸರು, ಹಿಂದೆ ಅವರ ಫೋಟೋ, ಒಳಗೆ ಅವರ ಗುರುಗಳಿಗೆ ಅರ್ಪಣೆ. ಆಯಿಯ ಪದದ ಕೆಳಗೆ ಸಣ್ಣ ಅಕ್ಷರದಲ್ಲಿ, 'ಹೇಳಿದವಳು: ಒಬ್ಬ ಜೋಗತಿ.'

ಒಬ್ಬ ಜೋಗತಿ! ಜರ್ಮನಿಯ ಕಾರ್ಖಾನೆಯವನಿಗೆ ಬೇಕಾದ ಹೆಸರು ಕನ್ನಡದ ಪಂಡಿತನಿಗೆ ಬೇಕಾಗಲಿಲ್ಲ.

ಈಗ ನಮ್ಮವರೊಡನೆಯೇ ಒಂದು ಜಗಳ ಇದೆ. ಚಳವಳಿಯ ಗೆಳೆಯರು ಕೆಲವರು ಹೇಳುತ್ತಾರೆ: ತವಾಯಫರ ಹಾಡು ಪಾಳೇಗಾರರ ಭೋಗದ್ದು, ಜೋಗತಿಯರ ಹಾಡು ಮೂಢನಂಬಿಕೆಯದು, ಇವನ್ನೆಲ್ಲ ಹುಡುಕಿ ಏನು ಮಾಡೋದೈತಿ? ದೇವದಾಸಿ ಪದ್ಧತಿ ಹೋಗಬೇಕು, ಅದರ ಹಾಡೂ ಹೋಗಲಿ.

ಪದ್ಧತಿ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗ 1934ರಲ್ಲೇ ಒಂದು ಕಾಯಿದೆ ಬಂತು, 1982ರಲ್ಲಿ ಕರ್ನಾಟಕದ ಕಾಯಿದೆ ಬಂತು. ಕಾಯಿದೆಗಿಂತ ಹೆಚ್ಚಿನ ಕೆಲಸವನ್ನು ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳೇ ಸಂಘ ಕಟ್ಟಿ ಮಾಡಿದರು. ಮುತ್ತು ಹರಿದು ಒಗೆದರು. ಅದು ನಮ್ಮ ಚಳವಳಿಯ ದೊಡ್ಡ ದಿನಗಳಲ್ಲಿ ಒಂದು. ಆದರೆ ನಮ್ಮ ಕೇರಿಯಲ್ಲಿ ಮುತ್ತಿನ ಬೆನ್ನಿಗೆ ಚೌಡಿಕಿಯೂ ಬಾವಿಗೆ ಬಿತ್ತು. ಒಗೆಸಿದವರು ಭಾಷಣ ಮಾಡಲು ಬಂದ ಗಂಡಸರು. ಒಳ್ಳೆಯ ಮನಸ್ಸಿನವರೇ. ಆಯಿ ಸಾಯುವ ತನಕ ಆ ಮಾತು ಬಿಡಲಿಲ್ಲ: "ಮುತ್ತು ಅವರು ಕಟ್ಟಿದ್ರು, ಹರಿದದ್ದು ಚಲೋ ಆತು. ಪದಾ ನಾ ಕಟ್ಟಿದ್ದೆ. ಅದನ್ಯಾಕ ಒಗಿಸಿದ್ರಿ?"

ಇದಕ್ಕೆ ಉತ್ತರ ಯಾವ ಸೈದ್ಧಾಂತಿಕ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಕಟ್ಟಿದ ಕೈ ಯಾವುದು, ಕಟ್ಟಿಸಿಕೊಂಡ ಕೊರಳು ಯಾವುದು ಎಂಬ ವಿವೇಕ ಇಲ್ಲದಿದ್ದರೆ ನಾವು ಆಕಾಶವಾಣಿಯ ಬಾಗಿಲು ಮುಚ್ಚಿದವರಿಗಿಂತ ಹ್ಯಾಂಗ ಬೇರೆ? ಅವರು ನೀತಿಯ ಹೆಸರಿನಲ್ಲಿ ಬಾಯಿ ಮುಚ್ಚಿಸಿದರು, ನಾವು ಕ್ರಾಂತಿಯ ಹೆಸರಿನಲ್ಲಿ. ಎರಡೂ ಸಲ ಮುಚ್ಚಿದ್ದು ಒಂದೇ ಬಾಯಿ. ಆ ಪದಗಳಲ್ಲಿ ದೇವಿ ಇದ್ದಾಳೆ, ನಿಜ. ದೇವಿಯನ್ನು ನಿಲ್ಲಿಸಿಕೊಂಡು ಬೈಯುವುದೂ ಇದೆ, ಗೌಡನ ಮನೆಯ ಲೆಕ್ಕ ಹೇಳುವುದೂ ಇದೆ, ಹುಟ್ಟಿದ ಕೂಸಿಗೆ ಅಪ್ಪ ಯಾರೆಂದು ಊರನ್ನೇ ಕೇಳುವುದೂ ಇದೆ. ಇದು ಬಂಡಾಯವಲ್ಲದಿದ್ದರೆ ನಾನು, ನೀವು ಬರೆಯುವ ಕವಿತೆ ಯಾವ ಬಂಡಾಯ? ನಮ್ಮ ವೇದಿಕೆಯ ಮೇಲೆ ಇವತ್ತಿಗೂ ಹಲಗಿ ಬಡಿಯುವವರು ಗಂಡಸರು, ಮೈಕು ಹಿಡಿಯುವವರು ಗಂಡಸರು, ಹೆಣ್ಣುಮಕ್ಕಳು ಹಿಂದಿನ ಸಾಲಿನಲ್ಲಿ ದನಿಗೂಡಿಸುತ್ತಾರೆ. ಇದನ್ನೂ ಇಲ್ಲೇ ಬರೆದಿಡುತ್ತೇನೆ, ಬೈಯುವವರು ಬೈಯಲಿ.

ಬುಡ್ಗ ಜಂಗಮರ ದರೋಜಿ ಈರಮ್ಮ ಓದುಬರಹ ಇಲ್ಲದೆ ಎಷ್ಟೋ ಮಹಾಕಾವ್ಯಗಳನ್ನು ಎದೆಯಲ್ಲಿ ಹೊತ್ತಿದ್ದಳು. ಬದುಕಿದ್ದಾಗಲೇ ಅವು ಮುದ್ರಣವಾದವು, ಆಕೆಯ ಹೆಸರಿನಲ್ಲೇ ಬಂದವು, ಹಂಪಿಯ ವಿಶ್ವವಿದ್ಯಾಲಯ ನಾಡೋಜ ಎಂದು ಕರೆಯಿತು. 2014ರಲ್ಲಿ ಆಕೆ ತೀರಿಕೊಂಡಾಗ ಕಾವ್ಯ ಮಣ್ಣಾಗಲಿಲ್ಲ. ಹಾಗೆ ಮಾಡಲು ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಗಡಿಯ ಆಚೆ ಔರಂಗಾಬಾದಿನ ಕಡೆ ಕಡೂಬಾಯಿ ಖರಾತ ಏಕತಾರಿ ಹಿಡಿದು ಮನೆಮನೆಗೆ ಹೋಗಿ ಭೀಮನ ಹಾಡು ಹಾಡುತ್ತಿದ್ದಳು. ಯಾವ ಕಂಪನಿಯೂ ಕರೆಯಲಿಲ್ಲ. ನಮ್ಮಂಥವರೇ ಮೊಬೈಲು ಹಿಡಿದರು, ಇವತ್ತು ಆಕೆಯ ದನಿ ನಮ್ಮ ತಿಕೋಟಾ ಭಾಗದ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕೂಲಿ ಮಾಡುವ ಹೆಣ್ಣುಮಕ್ಕಳ ಫೋನಿನಲ್ಲೂ ಕೇಳುತ್ತದೆ.

ಕಾನೂನಿನ ಮಾತೂ ತಿಳಿದಿರಲಿ, ಶಿಕ್ಷಕ ಗೆಳೆಯರಿಗೆ ಉಪಯೋಗಕ್ಕೆ ಬರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಒಡೆಯ ಮುದ್ರಿಸಿಕೊಂಡವನು. ಹಾಡಿದವರಿಗೂ ಒಂದು ಹಕ್ಕು ಇದೆ ಎಂದು ಕಾಯಿದೆ ಒಪ್ಪಿದ್ದು 1994ರ ತಿದ್ದುಪಡಿಯಲ್ಲಿ. ಹಾಡಿದವರು ಇಂಥವರೆಂದು ಗುರುತಿಸಿಕೊಳ್ಳುವ ಹಕ್ಕು ಬಂದದ್ದು 2012ರಲ್ಲಿ. ಅಂದರೆ ಈಗ 'ಒಬ್ಬ ಜೋಗತಿ' ಎಂದು ಬರೆದು ಪಾರಾಗುವ ಹಾಗಿಲ್ಲ. ಪ್ರಕಟವಾಗಿ 60 ವರ್ಷ ದಾಟಿದ ತಟ್ಟೆಯ ಮುದ್ರಣದ ಮೇಲೆ ಕಂಪನಿಯ ಹಕ್ಕೂ ಉಳಿಯುವುದಿಲ್ಲ. ಅಮೀರಬಾಯಿ ತೀರಿಕೊಂಡೇ 60 ವರ್ಷ ದಾಟಿತು. ಆಕೆ ಬದುಕಿದ್ದಾಗ ಹೊರಬಂದ ತಟ್ಟೆಗಳ ಮುದ್ರಣ ಇವತ್ತು ಯಾವ ಕಂಪನಿಯ ಆಸ್ತಿಯೂ ಅಲ್ಲ, ಶಾಲೆಯಲ್ಲಿ ಹಚ್ಚಿ ಕೇಳಿಸಬಹುದು. ಗಾಜಿನ ಕಪಾಟಿನವರಿಗೆ ನನ್ನದೊಂದೇ ಕೇಳಿಕೆ: ಕೀಲಿ ತೆಗೀರಿ. ವಿಜಯಪುರದಲ್ಲೇ ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯ ಇದೆ, ಅಮೀರಬಾಯಿಯ ದನಿಗೆ ಅದಕ್ಕಿಂತ ಯೋಗ್ಯ ಜಾಗ ಯಾವುದು? ವಿದ್ವಾಂಸರ ಮನೆಯ ಟ್ರಂಕಿನಲ್ಲಿ ಕ್ಯಾಸೆಟ್ಟುಗಳಿವೆಯಲ್ಲ, ಅವಕ್ಕೆ ಬೂಷ್ಟು ಹಿಡಿಯುವ ಮೊದಲು ಹೊರಗೆ ಬರಲಿ. ಯಾವ ಊರಲ್ಲಿ ಮುದ್ರಿಸಿದರೋ ಆ ಊರ ಕೇರಿಗೆ ಒಂದು ಪ್ರತಿ ಮರಳಲಿ. ನಮ್ಮ ಆಯಿಯ ಮೂರು ರಾತ್ರಿಯೂ ಯಾವುದೋ ಟ್ರಂಕಿನಲ್ಲಿ ಇದ್ದೀತು.

ಹಳ್ಳಿಯ ಶಾಲೆಯ ಮಾಸ್ತರರೇ, ಅಕ್ಕೋರೇ, ಕಾಲೇಜಿನ ತಮ್ಮಂದಿರೇ ತಂಗಿಯರೇ, ನಿಮ್ಮ ಕೈಯಲ್ಲಿ ಮೊಬೈಲು ಇದೆ, ನಿಮ್ಮ ಊರಲ್ಲಿ ಇನ್ನೂ ಮೂವರೋ ನಾಲ್ವರೋ ಮುದುಕಿಯರು ಇದ್ದಾರೆ. ಹೋಗುವಾಗ ಬರಿಗೈಲೆ ಹೋಗಬ್ಯಾಡ್ರಿ, ಆಕೆಯ ಒಂದು ದಿನದ ಕೂಲಿ ತಗೊಂಡು ಹೋಗಿರಿ. ಹಾಡಬೇಕೋ ಬ್ಯಾಡೋ ಎಂದು ಮೊದಲು ಕೇಳಿರಿ. ಮುತ್ತಿನ ಕಥೆ ಹೇಳಲು ಮನಸ್ಸಿಲ್ಲದಿದ್ದರೆ ಕೆದಕಬ್ಯಾಡ್ರಿ, ಆಕೆಯ ಮಕ್ಕಳು ಮೊಮ್ಮಕ್ಕಳು ಅದೇ ಊರಲ್ಲಿ ಬಾಳಬೇಕು. ಹೆಸರು ಬರೆಯಲು ಒಪ್ಪಿದರೆ, ಪದ ಶುರುವಾಗುವ ಮೊದಲು ಆಕೆಯ ಬಾಯಿಂದಲೇ ಹೆಸರು ಹೇಳಿಸಿರಿ. ಅವ್ವ ಇಟ್ಟ ಹೆಸರು, ಊರವರು ಕರೆಯುವ ಹೆಸರಲ್ಲ. ಒಂದು ಪ್ರತಿ ಆಕೆಯ ಮೊಮ್ಮಗಳ ಫೋನಿಗೆ ಹಾಕಿರಿ, ಇನ್ನೊಂದು ಶಾಲೆಯಲ್ಲಿ ಇರಲಿ, ಮೂರನೆಯದು ನಿಮ್ಮ ಹತ್ತಿರ.